ಜನರೇಟರ್ ರೂಮಿನ ಅಕ್ಷತೆ

ಅತ್ತಿಗುಪ್ಪೆಯ ಆ ಕಲ್ಯಾಣ ಮಂಟಪದಲ್ಲಿ ಈರಪ್ಪನದು ಎಂಜಲೆಲೆ ಎತ್ತುವ ಕೆಲಸ. ಒಂದು ಪಂಕ್ತಿ ಎದ್ದು ಇನ್ನೊಂದು ನುಗ್ಗುವಷ್ಟರಲ್ಲಿ, ಮೇಜಿಗೆ ಹಾಸಿದ ಪೇಪರನ್ನು ಎಲೆ ಸಮೇತ ಸುತ್ತಿ, ಚಕ್ರದ ಡ್ರಮ್ಮಿಗೆ ತುಂಬಿ, ಹಿಂಬಾಗಿಲಿನಿಂದ ಮಾಯವಾಗಬೇಕು. ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಕೇಳುವ ದೊಡ್ಡ ಮನುಷ್ಯರಿಗೆ ತಾವು ಉಂಡ ಎಲೆಯನ್ನು ಇನ್ನೊಬ್ಬ ಎತ್ತುವುದು ಕಣ್ಣಿಗೆ ಬೀಳಬಾರದು, ಅಷ್ಟೆ.

ಕೊಪ್ಪಳದ ಕಡೆಯಿಂದ ಬಂದ ಮೊದಲ ದಿನವೇ ಅಡುಗೆ ಕಂಟ್ರಾಕ್ಟರ್ ಪುರುಷೋತ್ತಮ, ‘ಯಾವ ಜನಾನಪ್ಪಾ ನೀನು?’ ಎಂದು ಕೇಳಿದ್ದ. ಈರಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೇಳಿಬಿಟ್ಟ. ಅವತ್ತಿನಿಂದ ಅಡುಗೆಯವರೂ ಬಡಿಸುವ ಹುಡುಗರೂ ಮಲಗುವ ಮಹಡಿಯ ಹಾಲಿನಲ್ಲಿ ಅವನಿಗೆ ಜಾಗವಿಲ್ಲ. ಇನ್ನೂ ಹತ್ತು ಜನ ಉರುಳಾಡಬಹುದಾದ ಹಾಲು ಅದು. ಇವನಿಗೆ ಸಿಕ್ಕಿದ್ದು ಹಿಂದಿನ ಜನರೇಟರ್ ರೂಮು. ಊಟವೂ ಅಲ್ಲಿಗೇ ಬರುತ್ತದೆ, ಎಲ್ಲರದೂ ಮುಗಿದ ಮೇಲೆ, ತಟ್ಟೆಗೆ ಮೇಲಿನಿಂದ ಬೀಳುತ್ತದೆ.

ಈರಪ್ಪ ಆ ರೂಮನ್ನೇ ಅರಮನೆ ಮಾಡಿಕೊಂಡಿದ್ದ. ಡೀಸೆಲ್ ವಾಸನೆಗೆ ಊದುಬತ್ತಿ, ಗೋಡೆಗೆ ಊರ ಕಡೆಯ ದೇವಿ ಹುಲಿಗೆಮ್ಮನ ಫೋಟೊ, ಮದುವೆಯಿಲ್ಲದ ದಿನಗಳಲ್ಲಿ ಬೇಯಿಸಿಕೊಳ್ಳಲು ಒಂದು ಸ್ಟೌ, ಒಂದು ಡಬ್ಬಿ ಅಕ್ಕಿ. ನೀವು ನನ್ನ ಕರೆಯಬೇಡಿ, ನಾನೂ ನಿಮ್ಮನ್ನು ಕರೆಯುವುದಿಲ್ಲ ಎಂಬ ಠೀವಿ ಬೇರೆ. ಆದರೆ ಸಂಜೆ ಮಹಡಿಯಿಂದ ಇಸ್ಪೀಟಿನ ಗಲಾಟೆ, ನಗು ಕೇಳಿಸಿದಾಗ ಆ ಠೀವಿ ಎಲ್ಲಿಗೆ ಹೋಗುತ್ತಿತ್ತೋ. ಹುಲಿಗೆಮ್ಮನ ಜೊತೆ ಎಷ್ಟು ಹೊತ್ತು ಅಂತ ಮಾತಾಡುವುದು? ಅವಳು ತಿರುಗಿ ಮಾತಾಡುವುದಿಲ್ಲವಲ್ಲ.

ಆ ಭಾನುವಾರ ಬೆಳಗಿನ ತಿಂಡಿಯ ಎಲೆಗಳನ್ನೆಲ್ಲ ಎತ್ತಿ ಬಂದು ನೋಡಿದರೆ ಅವನ ಚಾಪೆಯ ಮೇಲೆ ಒಬ್ಬ ಹೆಂಗಸು. ಅರವತ್ತು ದಾಟಿರಬೇಕು. ಹೊಸ ರೇಷ್ಮೆ ಸೀರೆ, ಬೋಳು ಹಣೆ.

‘ಇಲ್ಲಿ ಕುಂದ್ರಬ್ಯಾಡ್ರಿ. ಮದುವಿ ಆ ಕಡೆ ನಡದೈತಿ.’

‘ಗೊತ್ತು ಕಣಪ್ಪ. ಒಂಚೂರು ಹೊತ್ತು ಇದ್ದು ಹೋಗ್ತೀನಿ.’

ಈರಪ್ಪನಿಗೆ ಸಿಟ್ಟು ನೆತ್ತಿಗೇರಿತು. ‘ನಿಮ್ಮ ಹಾಲಿಗೆ ನನ್ನ ಬಿಡಾಂಗಿಲ್ಲ. ನಾ ಯಾಕ ನಿಮ್ಮನ್ನ ಇಲ್ಲಿ ಬಿಡಬೇಕ್ರಿ? ಏಳ್ರಿ ಮೊದ್ಲ!’

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ. ಪುರುಷೋತ್ತಮನಿಗೆ ಹೇಳಬೇಕಾಗಿದ್ದು ಈ ಮುದುಕಿಯ ತಲೆಗೆ ಬಿತ್ತು.

ಅವಳು ಏಳಲಿಲ್ಲ. ‘ನನ್ನನ್ನೂ ಬಿಡಲಿಲ್ಲ ಕಣಪ್ಪ’ ಎಂದಳು, ಸಂತೆಯಲ್ಲಿ ಸೊಪ್ಪಿನ ರೇಟು ಹೇಳಿದ ಹಾಗೆ.

ಅವಳ ಹೆಸರು ಚಿಕ್ಕಲಕ್ಷ್ಮಮ್ಮ. ಚಂದ್ರಾ ಲೇಔಟಿನವಳು. ಮದುವೆ ಹೆಣ್ಣು ಸುಮಾ ಅವಳ ತಮ್ಮ ವೆಂಕಟಗಿರಿಯ ಮಗಳು. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ, ಆಗಲೇ ಗಂಡನನ್ನು ಕಳೆದುಕೊಂಡಿದ್ದ ಈ ಸೋದರತ್ತೆಯೇ ಕೂಸನ್ನು ಎದೆಗವಚಿಕೊಂಡು ಸಾಕಿದ್ದಳು. ಇವತ್ತು ಬೆಳಿಗ್ಗೆ ತಮ್ಮ ಬಂದು, ‘ಅಕ್ಕಾ, ಬೀಗರ ಕಡೆಯವ್ರು ಏನಾದ್ರೂ ಅಂದ್ಕೊತಾರೆ. ಧಾರೆ ಮುಗಿಯೋವರ್ಗೂ ಮುಂದೆ ಬರ್ಬೇಡ’ ಎಂದನಂತೆ. ಒಳಗಿನ ರೂಮಿನಲ್ಲಿ ಕೂತರೆ ಅಲ್ಲಿ ಮುತ್ತೈದೆಯರು ಆರತಿ ತಟ್ಟೆ ಜೋಡಿಸುತ್ತಿದ್ದರು. ಅವರ ಪಿಸುಮಾತು ಕೇಳಲಾಗದೆ ಎದ್ದು ಬಂದು ಬಂದು, ಕೊನೆಗೆ ಸಿಕ್ಕ ಬಾಗಿಲು ಇದು.

‘ನಂಗೇನೂ ಬೇಡ ಕಣಪ್ಪ. ತಾಳಿ ಕಟ್ಟೋ ಹೊತ್ನಲ್ಲಿ ಆ ಮಗೂಗೆ ನಾಲ್ಕು ಕಾಳು ಅಕ್ಷತೆ ಹಾಕ್ಬೇಕು ಅಂತಿತ್ತು. ಹಂಚೋರು ನನ್ನ ಹತ್ರ ಬಂದು, ನೋಡ್ದೇ ಇರೋ ಥರ ಮುಂದಕ್ಕೆ ಹೋದ್ರು.’

ಈರಪ್ಪನಿಗೆ ನಾಚಿಕೆಯಾಯಿತು. ಸ್ಟೌ ಪಕ್ಕದಿಂದ ಅಕ್ಕಿ ಡಬ್ಬಿ ತಂದ. ಸಾರಿಗೆಂದು ಇಟ್ಟಿದ್ದ ಅರಿಶಿನದ ಪೊಟ್ಟಣವನ್ನೂ ತಂದ. ತಂದವನು ಚಾಪೆಯ ಅಂಚಿನಲ್ಲೇ ನಿಂತ. ಇದು ತನ್ನ ಡಬ್ಬಿಯ ಅಕ್ಕಿ, ತನ್ನ ಕೈ ಮುಟ್ಟಿದ ಅಕ್ಕಿ. ಇವಳೂ ಈಗ ಪುರುಷೋತ್ತಮನ ಆ ಪ್ರಶ್ನೆ ಕೇಳುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಚಿಕ್ಕಲಕ್ಷ್ಮಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು.

‘ನುಚ್ಚು ಜಾಸ್ತಿ ಇದೆಯಲ್ಲಪ್ಪ? ಅಕ್ಷತೆಗೆ ಮುರಿದಿರೋ ಅಕ್ಕಿ ಬರಲ್ಲ.’

ಅವಳು ಕೇಳಿದ್ದು ಅಷ್ಟೆ. ಈರಪ್ಪ ಇನ್ನೂ ಸ್ವಲ್ಪ ಹೊತ್ತು ಕಾದ. ಬೇರೆ ಯಾವ ಪ್ರಶ್ನೆಯೂ ಬರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಒಬ್ಬರು ಅವನ ಅಕ್ಕಿಯಲ್ಲಿ ಅಕ್ಕಿಯ ತಪ್ಪನ್ನು ಮಾತ್ರ ಹುಡುಕಿದ್ದರು. ಅವನಿಗೆ ಆ ತಾಯಿಗೆ ಕೈ ಮುಗಿಯಬೇಕೆನ್ನಿಸಿತು.

‘ರೇಶನ್ ಅಕ್ಕಿ ಅಲ್ರೀ ಅಮ್ಮಾರ, ನುಚ್ಚು ಇದ್ದ ಇರ್ತೈತಿ. ಆರಿಸೋಣಲ್ಲ?’

ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತು ಇಡಿ ಕಾಳುಗಳನ್ನು ಆರಿಸತೊಡಗಿದರು. ಅವಳಿಗೆ ಕಣ್ಣು ಮಂಜು, ಅವನ ಬೆರಳು ಮೊಂಡು. ಇವನು ಆರಿಸಿದ್ದರಲ್ಲಿ ಅವಳು ಮುರುಕು ಹುಡುಕುವಳು, ಅವಳು ಆರಿಸಿದ್ದರಲ್ಲಿ ಇವನು ಕಲ್ಲು ಹುಡುಕುವನು. ಸುಮಾ ಚಿಕ್ಕಂದಿನಲ್ಲಿ ಸುಳ್ಳು ಹೊಟ್ಟೆನೋವು ತಂದುಕೊಂಡು ಸ್ಕೂಲು ತಪ್ಪಿಸುತ್ತಿದ್ದ ಕಥೆ ಬಂತು. ಈರಪ್ಪನ ತಂಗಿ ಹನುಮವ್ವ ಫೋನಿನಲ್ಲಿ ಮಾತಿಗಿಂತ ಅಳುವುದೇ ಹೆಚ್ಚು ಎನ್ನುವುದೂ ಬಂತು. ಮಾತಾಡುತ್ತ ಮಾತಾಡುತ್ತ ಈರಪ್ಪ ತನ್ನ ದನಿ ತನಗೇ ಕೇಳಿ ಬೆರಗಾದ. ಇಷ್ಟೊಂದು ಮಾತು ಇವನೊಳಗೆ ಎಲ್ಲಿ ಕೂತಿತ್ತು?

ಒಂದು ಹಿಡಿಯಾದಾಗ ಅವನು ಅರಿಶಿನದ ಪೊಟ್ಟಣ ಮುಂದೆ ಸರಿಸಿದ. ಈಗ ಹಿಂಜರಿದದ್ದು ಅವಳು.

‘ಅರಿಶಿನ ಕಲಸೋದು ನೀನೇ ಮಾಡಪ್ಪ. ನನ್ನ ಕೈ...’

‘ಆ ಕೂಸಿಗೆ ಎಣ್ಣಿ ಹಚ್ಚಿ ಎರದಿದ್ದು ಯಾವ ಕೈರೀ?’

ಚಿಕ್ಕಲಕ್ಷ್ಮಮ್ಮ ಪೊಟ್ಟಣ ಬಿಚ್ಚಿದಳು. ಆಮೇಲೆ ನೀರು ಚಿಮುಕಿಸಿ ತಾನೇ ಅರಿಶಿನ ಕಲಸಿದಳು. ಕಲಸುವಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು.

ಗಟ್ಟಿಮೇಳ ಮೊಳಗಿತು. ಗೋಡೆಯೇ ಅದುರುವ ಹಾಗೆ ಓಲಗ. ಚಿಕ್ಕಲಕ್ಷ್ಮಮ್ಮ ತಟ್ಟನೆ ಎದ್ದು, ಮಂಟಪ ಇರುವ ದಿಕ್ಕಿಗೆ ತಿರುಗಿ, ಗೋಡೆಗೆ ಅಕ್ಷತೆ ಹಾಕಿದಳು. ‘ನೂರ್ಕಾಲ ಬಾಳು ನನ್ನ ಕಂದಾ’ ಎಂದಳು. ಈರಪ್ಪನೂ ನಾಲ್ಕು ಕಾಳು ಎಸೆದ. ಜನರೇಟರಿನ ಮೇಲೆಲ್ಲ ಹಳದಿ ಅಕ್ಕಿ.

‘ನಿನ್ನ ಋಣ ಹೇಗಪ್ಪಾ ತೀರಿಸ್ಲಿ?’ ಎಂದಳು ಅವಳು. ಅದನ್ನು ಹೇಳಬೇಕಾದವನು ತಾನು ಎಂದು ಈರಪ್ಪನಿಗೆ ಅನ್ನಿಸಿತು.

ಅಷ್ಟರಲ್ಲಿ ಅಡುಗೆಮನೆಯ ಕಡೆ ಗದ್ದಲ. ‘ಅಮ್ಮಾ, ಆ ಕಡೆ ಹೋಗ್ಬೇಡಿ, ಕ್ಲೀನಿಲ್ಲ ಅಲ್ಲಿ!’ ಎಂದು ಪುರುಷೋತ್ತಮ ಕೂಗುತ್ತಿದ್ದ. ಬಾಗಿಲಲ್ಲಿ ಬಂದು ನಿಂತವಳು ಸುಮಾ. ಕೊರಳಲ್ಲಿ ಹಸಿ ಅರಿಶಿನದ ದಾರ, ಬಾಸಿಂಗ ಓರೆಯಾಗಿದೆ, ಓಡಿ ಬಂದು ಏದುಸಿರು.

‘ಎಲ್ಲೆಲ್ಲಿ ಹುಡ್ಕೋದತ್ತೆ ನಿಮ್ಮನ್ನ? ತಲೆ ಎತ್ತಿ ನೋಡಿದ್ರೆ ಇಡೀ ಊರಿದೆ, ನೀವೇ ಇಲ್ಲ!’

ಚಿಕ್ಕಲಕ್ಷ್ಮಮ್ಮ ಹಿಂದೆ ಸರಿದಳು. ‘ಈಗ್ತಾನೆ ತಾಳಿ ಬಿದ್ದಿದೆ ಕಣೇ, ನನ್ನ ಹತ್ರ ಬರ್ಬೇಡ. ನಿಮ್ಮಪ್ಪ ಬಯ್ತಾನೆ.’

‘ಅಪ್ಪನ್ನ ನಾನು ನೋಡ್ಕೋತೀನಿ. ನೀವು ಅಕ್ಷತೆ ಹಾಕೋವರ್ಗೂ ಏಳಲ್ಲ’ ಎಂದು ಸುಮಾ ಆ ಸಿಮೆಂಟು ನೆಲದ ಮೇಲೆ, ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಬಗ್ಗಿದಳು.

ಅತ್ತೆ ಹಾಕಿದಳು. ಎರಡೂ ಕೈ ತುಂಬಾ ಹೊತ್ತು ಆ ತಲೆಯ ಮೇಲೇ ಇದ್ದವು. ಆಮೇಲೆ ಕಣ್ಣೊರೆಸಿಕೊಂಡು, ‘ಅಕ್ಕಿ ಇವರದು ಕಣೇ ಸುಮಾ. ಮಂಟಪದವರು ಕೊಡದೆ ಇದ್ದಿದ್ದನ್ನ ಇವರು ಕೊಟ್ರು. ಇವರ ಕೈಲೂ ಹಾಕಿಸ್ಕೊ’ ಎಂದಳು.

ಈರಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಬಾಗಿಲಾಚೆ ಪುರುಷೋತ್ತಮ, ಬಡಿಸುವ ಹುಡುಗರು, ಎಲ್ಲರೂ ಕತ್ತು ಚಾಚಿ ನಿಂತಿದ್ದರು.

‘ಬ್ಯಾಡವ್ವಾ. ಬೆಳಗಿಂದ ಎಂಜಲ ಎತ್ತೇನಿ ಈ ಕೈಲೆ.’

‘ತೊಳ್ಕೊಂಡ್ ಬನ್ನಿ ಅಂಕಲ್. ಕಾಯ್ತೀನಿ.’

ಅವನು ಹೊರಗಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಉಜ್ಜಿದ. ಸಾಲದೆಂದು ಮತ್ತೊಮ್ಮೆ ಉಜ್ಜಿದ. ಒಳಗೆ ಫೋಟೊದವರು ಕರೆಯುತ್ತಿದ್ದರು, ವೆಂಕಟಗಿರಿ ಮಗಳ ಹೆಸರು ಕೂಗುತ್ತಿದ್ದ. ಇಷ್ಟು ಹೊತ್ತಿಗೆ ಎದ್ದು ಹೋಗಿರುತ್ತಾಳೆ ಎಂದುಕೊಂಡೇ ಈರಪ್ಪ ತಿರುಗಿ ಬಂದ.

ಸುಮಾ ಹೋಗಿರಲಿಲ್ಲ. ಹಾಗೇ ತಲೆ ಬಗ್ಗಿಸಿಕೊಂಡು ಅವನಿಗಾಗಿ ಕಾಯುತ್ತಿದ್ದಳು.

ಈರಪ್ಪ ಒದ್ದೆ ಕೈಯಲ್ಲಿ ಅಕ್ಷತೆ ತೆಗೆದುಕೊಂಡು ಅವಳ ತಲೆಯ ಮೇಲೆ ಹಾಕಿದ. ಮಂತ್ರ ಬರುವುದಿಲ್ಲ, ಶ್ಲೋಕ ಗೊತ್ತಿಲ್ಲ. ‘ತಣ್ಣಗಿರು ನನ್ನವ್ವಾ’ ಎಂದ.