ಎರಡನೇ ಕಣ್ಣಿಗೆ ಬೇರೆ ಚಾರ್ಟು

ಅತ್ತೆಯ ಕಣ್ಣು ಚೆನ್ನಾಗಿದ್ದರೆ ನಾನು ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಕರಾರು ಇಷ್ಟೇ. ಹಾಕಿದವಳು ನಾನೇ.

ಹೋಗಬೇಕಾಗಿದ್ದದ್ದು ರೈಲಿನಲ್ಲಿ ಆರು ಗಂಟೆ ದೂರದ ಊರಿಗೆ. ಅಲ್ಲಿನ ಕಾಲೇಜಿನಲ್ಲಿ ಕಣ್ಣಿನ ಪರೀಕ್ಷೆ ಮಾಡುವುದನ್ನು ಕಲಿಸುವ ಕೆಲಸ. ನಾನು ಓದಿದ್ದು ಅದನ್ನೇ. ಕಲಿಸಬೇಕು ಎಂಬುದು ಮದುವೆಗೂ ಮೊದಲಿನ ಆಸೆ. ಬರುತ್ತೇನೋ ಇಲ್ಲವೋ ಎಂದು ಅತ್ತೆಯ ಕಣ್ಣು ನೋಡಿದ ದಿನವೇ ಸಂಜೆ ಐದರೊಳಗೆ ತಿಳಿಸಬೇಕಿತ್ತು.

ನನ್ನ ಗಂಡ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಕ್ಷೌರಕ್ಕೆ ಹೋದವನು ಕುರ್ಚಿಯಲ್ಲೇ ಕುಸಿದ. ಒಂದು ಬದಿ ಮಾತ್ರ ಕತ್ತರಿಸಿದ್ದ ಕೂದಲಲ್ಲೇ ಮನೆಗೆ ತಂದರು. ಆಮೇಲೆ ನನಗೆ ಅಳು ಬರಲಿಲ್ಲ. ನಗುವೂ ಬರಲಿಲ್ಲ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ. ಆಸ್ಪತ್ರೆಗೆ ಹೋಗಿ ದಿನಕ್ಕೆ ನಲವತ್ತು ಜನರ ಕಣ್ಣು ನೋಡುತ್ತಿದ್ದೆ. ನೆಂಟರಿಷ್ಟರು ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ಸಂತೋಷವಾಗಿರಬೇಕು ಅಂತ ನೀನೇ ತೀರ್ಮಾನ ಮಾಡ್ಕೋಬೇಕಮ್ಮ. ಬಟ್ಟೆ ಅಂಗಡಿಯಲ್ಲಿ ಬಣ್ಣ ಆರಿಸಿಕೊಂಡ ಹಾಗೆ.

ಅತ್ತೆ ಹಾಗೆ ಆರಿಸಿಕೊಂಡಿದ್ದರು. ಅವರು ದರ್ಜಿ ಅಂಗಡಿಯೊಂದಕ್ಕೆ ಅಂಗಿಗಳ ಕಾಜಾ ಹಾಕಿಕೊಡುತ್ತಾರೆ. ಗುಂಡಿ ತೂರುವ ಆ ಸಣ್ಣ ಸೀಳುಗಳ ಅಂಚನ್ನು ಕೈಯಲ್ಲೇ ಹೊಲಿಯುತ್ತಾರೆ. ಮಗ ಹೋದ ಮೂರನೇ ತಿಂಗಳು, ಕಿಟಕಿಯ ಪಕ್ಕ ಅಂಗಿಗಳ ರಾಶಿ ಇಟ್ಟುಕೊಂಡು ಕೂತವರು, ಹಾಡು ಗುನುಗಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಸರಿಯಾಗಿ ಕೇಳಿಸಿಕೊಳ್ಳಲು ನಲ್ಲಿ ನಿಲ್ಲಿಸಿದೆ. ಹೌದು, ಹಾಡೇ.

"ಅದು ಹೇಗೆ ಬರುತ್ತೆ ಅತ್ತೆ ನಿಮಗೆ?" ಎಂದೆ.

"ಬೆಳಗ್ಗೆ ಎದ್ದ ತಕ್ಷಣ ತೀರ್ಮಾನ ಮಾಡ್ತೀನಿ, ಇವತ್ತು ಚೆನ್ನಾಗಿರೋಣ ಅಂತ. ಅಷ್ಟೇ ಕಣೆ."

ಆ ದಿನದಿಂದ ಅವರೊಂದಿಗೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದೆ.

ಈ ವರ್ಷ ಅಂಗಿಗಳು ವಾಪಸ್ಸು ಬರತೊಡಗಿದವು. ಕಾಜಾ ಎಲ್ಲಾ ಸೊಟ್ಟ. "ಏನಮ್ಮಾ, ಗುಂಡಿಗೂ ಕಾಜಾಕ್ಕೂ ಮಾತುಕತೆ ನಿಂತುಹೋಗಿದೆಯಾ?" ಎಂದು ದರ್ಜಿ ಬಾಗಿಲಲ್ಲೇ ನಿಂತು ಕೇಳಿದ. ಅತ್ತೆ ದಾರ ಸರಿಯಿಲ್ಲ ಎಂದರು. ನಾನು ಟಾರ್ಚು ತಂದರೆ ಸೌಟು ಎತ್ತಿದರು. "ಮನೇಲಿ ನಾನು ಅತ್ತೆ, ಪೇಷಂಟ್ ಅಲ್ಲ."

ಅಷ್ಟರಲ್ಲಿ ಕಾಲೇಜಿನ ಪತ್ರ ಬಂತು. ಹೋಗು, ಹೋಗು ಎಂದು ಅತ್ತೆ ಬೆನ್ನುಬಿದ್ದರು. ಆಗ ಕರಾರು ಹಾಕಿದೆ. ಆಸ್ಪತ್ರೆಗೆ ಬನ್ನಿ, ಕಣ್ಣು ಸರಿ ಇದ್ದರೆ ಹೋಗುತ್ತೇನೆ. ಸೊಸೆಯೆಂದರೆ ಹೀಗಿರಬೇಕು ಎಂದು ಎಲ್ಲರೂ ಮೆಚ್ಚಿದರು.

ಅತ್ತೆ ಮಧ್ಯಾಹ್ನ ಎರಡಕ್ಕೆ ಇಸ್ತ್ರಿ ಬಟ್ಟೆ ಉಟ್ಟು ಬಂದರು. ಕೈ ಹಿಡಿದು ಒಳಗೆ ಕರೆತಂದವಳು ನಮ್ಮ ಟೋಕನ್ ಅಕ್ಕ. ಹೊರಗೆ ಕೌಂಟರಿನಲ್ಲಿ ಟೋಕನ್ ಕೊಟ್ಟು ಜನರನ್ನು ಗದರಿಸುವುದು ಅವಳ ಕೆಲಸ. ಯಾರಿಗೂ ಒಂದು ದಿನವೂ ಕುರ್ಚಿ ಎಳೆದುಕೊಟ್ಟವಳಲ್ಲ. ಆ ದಿನ ಎಳೆದುಕೊಟ್ಟು, ಬಾಗಿಲ ಬಳಿಯೇ ನಿಂತಳು.

ಅತ್ತೆಯ ಎಡಗಣ್ಣು ಮುಚ್ಚಿಸಿದೆ. ಎದುರಿನ ಗೋಡೆಯ ಮೇಲೆ ಅಕ್ಷರಗಳ ಚಾರ್ಟು ಬೆಳಗುತ್ತಿತ್ತು.

"ಮೇಲಿಂದ ಓದಿ ಅತ್ತೆ."

"ಮೇಲಿಂದ ಯಾಕೆ, ಅದು ಕುರುಡರಿಗೂ ಕಾಣುತ್ತೆ. ಕೆಳಗಿನ ಸಾಲೇ ಓದ್ತೀನಿ ತಗೋ. ಲ, ಗ, ಟ, ನ, ರ, ಪ."

ಉಸಿರು ಬಿಡಲಿಲ್ಲ. ಒಂದೂ ತಪ್ಪಲಿಲ್ಲ.

ಅರವತ್ತೆರಡರಲ್ಲಿ, ಅದೂ ಕಾಜಾ ಸೊಟ್ಟ ಹಾಕುವವರು, ಕೊನೆಯ ಸಾಲು ಓದಿದರೆ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ನಾನು ಬೇರೆಯದನ್ನೇ ಯೋಚಿಸುತ್ತಿದ್ದೆ. ಇವರ ಕಣ್ಣು ಚೆನ್ನಾಗಿದೆ. ಇನ್ನು ನಾನು ಹೋಗಬೇಕು. ಹೊಸ ಬೀದಿ, ಹೊಸ ಕೋಣೆ, ನನ್ನ ಮುಖವನ್ನೇ ನೋಡುತ್ತ ಕೂತ ಮೂವತ್ತು ಹುಡುಗ ಹುಡುಗಿಯರು. ಅವರೆದುರು ಬದುಕಿರುವವಳ ಹಾಗೆ ನಿಂತು ಪಾಠ ಮಾಡಬೇಕು.

ಬಲಗಣ್ಣು ಮುಚ್ಚಿಸಿದೆ. ನನ್ನ ಕೈ ತಾನಾಗಿ ಸ್ವಿಚ್ಚು ಒತ್ತಿತು. ಎರಡನೇ ಕಣ್ಣಿಗೆ ಬೇರೆ ಚಾರ್ಟು ಹಾಕುವುದು ನಮ್ಮ ಕೆಲಸದ ರೂಢಿ. ಮೊದಲ ಕಣ್ಣು ಓದಿದ್ದನ್ನೇ ಜನ ನೆನಪಿನಿಂದ ಹೇಳಿಬಿಡುತ್ತಾರೆ.

"ಲ, ಗ, ಟ, ನ, ರ, ಪ," ಎಂದರು ಅತ್ತೆ, ಮೊದಲಿಗಿಂತ ಜೋರಾಗಿ.

ಗೋಡೆಯ ಮೇಲೆ ಇದ್ದದ್ದು ಮ, ಸ, ಚ, ಯ, ದ, ಕ.

"ಅಯ್ಯೋ, ಅದು ಬೇರೆ ಕಣಮ್ಮಾ!" ಎಂದಳು ಬಾಗಿಲಲ್ಲಿದ್ದ ಟೋಕನ್ ಅಕ್ಕ.

"ಬೇರೆ ಇದೆ ಅಂತ ನೀನು ಹೇಳಲೇ ಇಲ್ವಲ್ಲೇ!"

"ನನಗೇನು ಗೊತ್ತು? ನಾನು ಕಂಡಿದ್ದು ಅದೊಂದೇ." ನನ್ನ ಕಡೆ ತಿರುಗಿದಳು. "ಮೂರು ದಿನದಿಂದ ನೀವು ಊಟಕ್ಕೆ ಹೋದಾಗ ಇವರನ್ನ ಇಲ್ಲೇ ಕೂರಿಸಿ ಬಾಯಿಪಾಠ ಮಾಡಿಸಿದೀನಿ. ಸ್ಕೂಲಲ್ಲಿ ಇಷ್ಟು ಓದಿದ್ರೆ ದೊಡ್ಡ ಸಾಹೇಬ್ರಾಗಿ ಹೋಗಿರೋರು ನಿಮ್ಮತ್ತೆ."

ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಟಾರ್ಚು ಹಿಡಿದು ನೋಡಿದೆ. ಎರಡೂ ಕಣ್ಣಲ್ಲಿ ಪೊರೆ. ಒಂದೇ ಸೂರಿನ ಕೆಳಗೆ ಇದ್ದು ಇಷ್ಟು ಬೆಳೆಯಲು ಬಿಟ್ಟಿದ್ದೆ.

"ಇದು ಹುಡುಗಾಟವಾ ಅತ್ತೆ? ನಿಮ್ಮ ಕಣ್ಣು ಅಲ್ವಾ? ಸರಿ, ಆಯ್ತು. ನಾನು ಹೋಗೋದಿಲ್ಲ. ಮಾತು ಅಂದ್ರೆ ಮಾತು."

ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಎಷ್ಟು ಖುಷಿಯಾಗಿ ಹೇಳಿದೆಯಲ್ಲೇ," ಎಂದರು. "ನನ್ನ ಕಣ್ಣು ಮಂಜಾಗಿದೆ. ಕಿವಿ ಇನ್ನೂ ಚೆನ್ನಾಗಿದೆ."

ಅವರು ಹೇಳಿದ ಮೇಲೆ ನನಗೂ ತಿಳಿಯಿತು. ತಪ್ಪು ಸಾಲು ಕಿವಿಗೆ ಬಿದ್ದ ಕೂಡಲೇ ನನ್ನೊಳಗೆ ಏನೋ ಹಗುರಾಗಿತ್ತು. ಹದಿನಾಲ್ಕು ತಿಂಗಳಲ್ಲಿ ನನಗೆ ನಿಜವಾಗಿ ಅನ್ನಿಸಿದ್ದು ಅದೊಂದೇ. ಅತ್ತೆಗೆ ಕಣ್ಣು ಕಾಣುವುದಿಲ್ಲ, ಹಾಗಾಗಿ ನಾನು ಉಳಿಯಬಹುದು ಎಂಬ ನೆಮ್ಮದಿ.

"ಹೆತ್ತ ಮಗನನ್ನ ಕಳ್ಕೊಂಡು ನಾನು ಬದುಕಿಲ್ವಾ," ಎಂದು ಅವರು ಶುರು ಮಾಡಿದರು.

"ನೀವು ಬೆಳಗ್ಗೆ ಎದ್ದು ತೀರ್ಮಾನ ಮಾಡ್ತೀರಿ," ಎಂದು ನಾನು ಮಧ್ಯೆ ಬಾಯಿ ಹಾಕಿದೆ. "ನನಗೆ ಆಗೋದಿಲ್ಲ ಅತ್ತೆ. ನಾನೂ ಮಾಡಿ ನೋಡಿದೀನಿ. ಏನೂ ಆಗೋದಿಲ್ಲ. ಇದನ್ನ ಯಾರಿಗೂ ಹೇಳಿಲ್ಲ."

"ನನಗೆ ದಿನಾ ಆಗುತ್ತೆ ಅಂದ್ಕೊಂಡಿದ್ಯಾ?"

"ಹಾಗೇ ಹೇಳಿದ್ರಲ್ಲ."

"ತೀರ್ಮಾನ ಮಾಡ್ತೀನಿ ಅಂದೆ. ಆಗುತ್ತೆ ಅಂದ್ನಾ? ಕಡ್ಡಿ ಗೀರೋದು ನನ್ನ ಕೈಲಿದೆ, ಹತ್ತೋದು ನನ್ನ ಕೈಲಿಲ್ಲ. ಎಷ್ಟೋ ದಿನ ಎಂಟ್ಹತ್ತು ಗೀರಿದ್ರೂ ಹೊಗೆ ಕೂಡ ಬರಲ್ಲ. ಹಾಗಂತ ಪೆಟ್ಟಿಗೇನೇ ಬಿಸಾಕ್ಲಾ?" ಅವರು ಮೂಗು ಒರೆಸಿಕೊಂಡರು. "ಆವತ್ತು ನಾನು ಹಾಡಿದಾಗ ನೀನು ನಲ್ಲಿ ನಿಲ್ಲಿಸಿದೆ. ಕೇಳಿಸ್ತು ನನಗೆ. ಅದಾದ ಮೇಲೆ ಮನೇಲಿ ಬಾಯಿ ಬಿಟ್ಟಿಲ್ಲ. ಇವಳಿಗೆ ಇನ್ನೂ ನೋವಾಗೋದು ಬೇಡ ಅಂತ."

ಹಾಡು ನಿಂತದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಈಗ ಕೇಳು," ಎಂದರು. "ಪರೀಕ್ಷೇಲಿ ನಾನು ಫೇಲು, ಒಪ್ಕೊಂಡೆ. ನಿನ್ನ ಕರಾರೂ ಮುಗೀತು. ಇಲ್ಲೇ ಇರ್ಬೇಕು ಅನ್ಸಿದ್ರೆ ಇರು, ಮನೆ ನಿಂದು. ಆದ್ರೆ ನನ್ನ ಕಣ್ಣಿಗೋಸ್ಕರ ಅಂತ ಹೇಳ್ಬೇಡ. ಬೇರೆ ಕಾರಣ ಇದ್ರೆ ಹೇಳು."

ಯೋಚಿಸಿದೆ. ಬೇರೆ ಕಾರಣ ಸಿಗಲಿಲ್ಲ. ಹೋಗಲು ಕಾರಣವಿದೆಯೇ ಎಂದೂ ಯೋಚಿಸಿದೆ. ಒಂದು ಕಾಲದಲ್ಲಿ ನನಗೆ ಅದು ಬೇಕಾಗಿತ್ತು ಎಂಬುದೊಂದೇ ನೆನಪಿತ್ತು. ಬೇಕು ಅನ್ನಿಸುವುದು ಹೇಗಿರುತ್ತದೆ ಎಂಬುದು ನೆನಪಿರಲಿಲ್ಲ.

ಡಾಕ್ಟರು ಅತ್ತೆಯ ಕಣ್ಣಿಗೆ ಔಷಧಿ ಬಿಡಿಸಿ, ಪಾಪೆ ಅಗಲವಾಗುವವರೆಗೆ ಕೂರಿಸಿ, ಆಮೇಲೆ ನೋಡಿದರು. ಎರಡಕ್ಕೂ ಆಪರೇಷನ್ ಎಂದರು. ಬಲಗಣ್ಣು ಬರುವ ವಾರ, ಎಡಗಣ್ಣು ಅದಾದ ಒಂದು ತಿಂಗಳಿಗೆ. ನಾದಿನಿಯ ಮನೆ ಎರಡು ಬೀದಿ ಆಚೆ. ಫೋನ್ ಮಾಡಿದೆ. "ಎರಡನೇ ಕಣ್ಣಿಂದು ನಂಗೆ ಬಿಡು ಅತ್ತಿಗೆ," ಎಂದಳು. "ಅಮ್ಮ ನನ್ನ ಮಾತು ಕೇಳಲ್ಲ, ಆದ್ರೂ ಬಿಡು."

ಐದಕ್ಕೆ ಹತ್ತು ನಿಮಿಷವಿತ್ತು. ಕಾರಿಡಾರಿನ ತುದಿಯಲ್ಲಿ ನಿಂತು ಕಾಲೇಜಿಗೆ ಫೋನ್ ಮಾಡಿದೆ. ಸೇರಲು ಆರು ವಾರ ಬೇಕು ಎಂದೆ. ಐದು ಕೊಡುತ್ತೇವೆ ಎಂದರು.

"ಬರ್ತೀನಿ," ಎಂದೆ.

"ತುಂಬಾ ಸಂತೋಷ," ಎಂದರು ಆ ಕಡೆಯವರು. ಅದು ಫೋನಿನಲ್ಲಿ ಎಲ್ಲರೂ ಹೇಳುವ ಮಾತು. ಸರಿ ಎಂದು ಇಟ್ಟೆ. ಏನಾದರೂ ಅನ್ನಿಸುತ್ತದೆಯೇ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಕಾಲು ನೋಯುತ್ತಿತ್ತು.

ಅತ್ತೆ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಮುಖ ಎತ್ತಿದರು.

"ಏನಂದೆ?"

"ಬರ್ತೀನಿ ಅಂದೆ."

"ನಿನ್ನ ಮುಖ ಹೇಗಿದೆ ಈಗ? ಔಷಧಿ ಹಾಕಿಬಿಟ್ಟಿದಾರೆ, ನನಗೆ ಬರೀ ಬೆಳಕು ಕಾಣ್ತಿದೆ."

ಚೆನ್ನಾಗಿದೆ ಎಂದರೆ ನಂಬುತ್ತಿದ್ದರು.

"ಹಾಗೇ ಇದೆ ಅತ್ತೆ. ಏನೂ ಆಗಿಲ್ಲ."

"ಇರ್ಲಿ ಬಿಡು," ಎಂದರು. ಎದ್ದು ನನ್ನ ತೋಳು ಹಿಡಿದುಕೊಂಡರು. "ನಡಿ. ಮೆಟ್ಟಿಲು ಎಲ್ಲಿ ಬರುತ್ತೆ ಹೇಳ್ತಾ ಹೋಗು."