ಅಳಿಯಂದಿರ ಅಪರೂಪದ ಹವಳ

ನನ್ನ ಅಳಿಯಂದಿರು ಹಲ್ಲಿನ ಡಾಕ್ಟರು. ಅವರ ಮನೆಯ ಹಜಾರದಲ್ಲಿ ಆಳುದ್ದದ ಗಾಜಿನ ತೊಟ್ಟಿಯಿದೆ. ಒಳಗೆ ಉಪ್ಪುನೀರು, ಬಣ್ಣದ ಮೀನುಗಳು, ಕಲ್ಲಿಗೆ ಅಂಟಿ ಬೆಳೆಯುವ ಜೀವಂತ ಹವಳಗಳು. ಪ್ರತಿಯೊಂದು ಹವಳದ ಹೆಸರೂ ಅವರಿಗೆ ಬಾಯಿಪಾಠ. ಒಂದರದ್ದು ಮಾತ್ರ ಗೊತ್ತಿರಲಿಲ್ಲ. ದೊಡ್ಡ ಕಲ್ಲಿನ ಸಂದಿಯಲ್ಲಿ, ನೇರಳೆ ಬಣ್ಣದ, ಬಿಲ್ಲಿನಂತೆ ಬಾಗಿದ, ಸಾಲಾಗಿ ಗುಬುಟುಗಳಿದ್ದ ಅದನ್ನು ಮೊದಲು ಕಂಡ ದಿನ ಅವರು ಕ್ಲಿನಿಕ್ಕಿಗೆ ಅರ್ಧ ಗಂಟೆ ತಡವಾಗಿ ಹೋದರು.

ಅದೇನೆಂದು ನನಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅದು ನನ್ನ ಬಾಯಲ್ಲಿತ್ತು.

ಆ ಕೆಳಗಿನ ಹಲ್ಲಿನ ಸೆಟ್ಟನ್ನು ಅಳಿಯಂದಿರೇ ನನಗೆಂದು ಕೈಯಾರೆ ಮಾಡಿದ್ದರು. ಮಗಳು ನೆಂಟರ ಮುಂದೆ ಅವರ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು. ಅದೋ, ಎಡಗಡೆ ಒಸಡಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಕಚ್ಚಲಿಕ್ಕೇ ಆಗುತ್ತಿರಲಿಲ್ಲ. ಹೇಳಿದರೆ ಅಳಿಯಂದಿರ ಮುಖ ಸಣ್ಣದಾಗುತ್ತದೆ. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಯಾರೂ ಇಲ್ಲದಾಗ ಕಳಚಿ ಕೈಯಲ್ಲಿ ಹಿಡಿದಿರುತ್ತಿದ್ದೆ. ಒಂದು ದಿನ ತೊಟ್ಟಿಯ ಮುಂದೆ ನಿಂತಿದ್ದಾಗ ಮಗಳ ಹೆಜ್ಜೆ ಸಪ್ಪಳ ಕೇಳಿಸಿತು. ಅಂಗಿಗೆ ಜೇಬಿರಲಿಲ್ಲ. ಕೈ ತಾನಾಗಿಯೇ ನೀರಿನ ಮೇಲೆ ಹೋಗಿ ಬೆರಳು ಬಿಟ್ಟಿತು. ಸಂಜೆ ಹೊರಗೆ ಹೋಗಿ ಬಂದು, ಬಸ್ಸಿನ ಕಿಟಕಿಯಲ್ಲಿ ಸೀನಿದಾಗ ಸೆಟ್ಟು ಹಾರಿಹೋಯಿತು ಎಂದೆ. ಇನ್ನೊಂದು ಮಾಡಿಕೊಡುತ್ತೇನೆಂದು ಅಳಿಯಂದಿರು ಹೊರಟರೆ, ಈ ವಯಸ್ಸಿಗೆ ಮೆತ್ತಗಿನ ಊಟವೇ ಸಾಕು ಎಂದು ಸಾಗಹಾಕಿದೆ.

ನಲವತ್ತು ವರ್ಷ ಟೈಲರ್ ಆಗಿದ್ದವನು ನಾನು. ಅಂಗಿ ಬಿಗಿಯಾದರೂ ಬಾಯಿಬಿಡದೆ ಪೆಟ್ಟಿಗೆಯ ತಳಕ್ಕೆ ತುರುಕುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನು ಮಾಡಿದ್ದೂ ಅದೇ ಘನಕಾರ್ಯ.

ಉಪ್ಪುನೀರಿಗೆ ಬಿದ್ದದ್ದರ ಮೇಲೆಲ್ಲ ನೇರಳೆ ಬಣ್ಣದ ಗಟ್ಟಿ ಪಾಚಿ ಹತ್ತಿಕೊಳ್ಳುತ್ತದಂತೆ. ಯಾರಿಗೆ ಗೊತ್ತಿತ್ತು? ದಿನಕ್ಕೆ ಇಪ್ಪತ್ತು ಬಾಯಿ ನೋಡುವ ಮನುಷ್ಯ ಭೂತಗನ್ನಡಿ ಹಿಡಿದು ತಮ್ಮದೇ ಕೆಲಸವನ್ನು ನೋಡಿ, ‘ಹದಿನಾಲ್ಕು ಗುಬುಟು, ಅಂಚು ನಯ’ ಎಂದು ಬರೆದುಕೊಂಡರು. ಹವಳ ಸಾಕುವವರ ವಾಟ್ಸಾಪ್ ಗುಂಪಿಗೆ ಫೋಟೊ ಹೋಯಿತು. ಒಬ್ಬರು ಮಿದುಳು ಹವಳ ಎಂದರು, ಇನ್ನೊಬ್ಬರು ಆಳ ಸಮುದ್ರದ್ದು ಎಂದರು. ಕೊನೆಗೆ ಕಾಲೇಜಿನಲ್ಲಿ ಜಲಚರಗಳ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಭಾನುವಾರ ತಾವೇ ಬಂದು ನೋಡುವುದಾಗಿ ತಿಳಿಸಿದರು.

“ಹೊಸ ಜಾತಿ ಅಂತಾದ್ರೆ ನಿಮ್ಮ ಹೆಸರೇ ಇಡ್ಸೋಣ ಮಾವ. ದಿನಾ ಅದರ ಮುಂದೆ ಕೂತಿರೋರು ನೀವೊಬ್ರೇ,” ಎಂದರು ಅಳಿಯಂದಿರು.

ನಾನು ಕೂತಿದ್ದದ್ದು ಕಾವಲಿಗೆ. ಶನಿವಾರ ಮನೆಯಲ್ಲಿ ಯಾರೂ ಇಲ್ಲದಾಗ ನನ್ನ ಹಳೆಯ ಅಳತೆಗೋಲನ್ನು ಇಳಿಬಿಟ್ಟು ಮೀಟಿ ಎಬ್ಬಿಸಲು ನೋಡಿದೆ. ಕಲ್ಲಿಗೆ ಕಚ್ಚಿಕೊಂಡು ಕೂತಿತ್ತು. ನನ್ನ ಬಾಯಲ್ಲಿ ಇಷ್ಟು ಚೆನ್ನಾಗಿ ಕೂತಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ.

ಭಾನುವಾರ ಮೇಷ್ಟ್ರು ಬಂದರು. ಹೊರಗೆ ತೆಗೆದು, ಸ್ವಲ್ಪ ಕೆರೆದು ನೋಡಬೇಕು ಎಂದರು. ನಾನು ಸುಳ್ಳುಗಾರನೆಂದು ಗೊತ್ತಾದರೆ ಆಗಲಿ, ಹೊರಗಿನವರೆದುರು ಅಳಿಯಂದಿರ ಮಾನ ಹೋಗುತ್ತದಲ್ಲ! ಅಳಿಯಂದಿರು ಹಲ್ಲು ಕೀಳುವ ಇಕ್ಕಳ ತಂದು, ತೋಳು ಮುಳುಗಿಸಿ, ಅದನ್ನು ಕಲ್ಲಿನಿಂದ ಬಿಡಿಸಿ ಮೇಲೆತ್ತಿದರು. ಅಂಗೈಯಲ್ಲಿ ಮಗುಚಿದರು. ಅಡಿಯಲ್ಲಿ ಪಾಚಿ ಹತ್ತಿರಲಿಲ್ಲ. ಒಸಡಿನ ಗುಲಾಬಿ ಬಣ್ಣ ಹಾಗೇ ಇತ್ತು.

ಅಳಿಯಂದಿರು ಅದನ್ನು ನೋಡಿದರು. ಆಮೇಲೆ ನನ್ನ ಬಾಯಿ ನೋಡಿದರು. ನಾನು ತುಟಿ ಬಿಗಿದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೈಚಾಚಿದರು.

“ಬೇಡ ಸರ್. ಗಾಳಿ ತಾಗಿದ್ರೆ ಬದುಕಲ್ಲ ಅನ್ಸುತ್ತೆ,” ಎಂದು ಅಳಿಯಂದಿರು ಅದನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿದರು. ಮೇಷ್ಟ್ರು ಎರಡು ಲೋಟ ಟೀ ಕುಡಿದು, ಇದು ತೀರಾ ಅಪರೂಪದ್ದೇ ಇರಬೇಕು ಎಂದು ಹೇಳಿ ಹೋದರು.

ಬಾಗಿಲು ಹಾಕಿ ಬಂದ ಅಳಿಯಂದಿರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಬಸ್ಸು, ಸೀನು, ಕಿಟಕಿ ಎಲ್ಲವನ್ನೂ ನಾನು ಮತ್ತೆ ಜೋಡಿಸಿಕೊಳ್ಳುತ್ತಿದ್ದೆ. ಅವರು ಅದ್ಯಾವುದನ್ನೂ ಕೇಳಲಿಲ್ಲ.

“ಎಲ್ಲಿ ಚುಚ್ತಿತ್ತು ಮಾವ?”

ನಲವತ್ತು ವರ್ಷ ಗಿರಾಕಿಗಳನ್ನು ನಾನು ಕೇಳುತ್ತಿದ್ದ ಪ್ರಶ್ನೆಯೂ ಅದೇ, ಎಲ್ಲಿ ಹಿಡಿಯುತ್ತೆ ಎಂದು. ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ಎಡಗಡೆ ಬೆರಳಿಟ್ಟು ತೋರಿಸಿದೆ. ಅವರು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ತಾವೇ ಅಳತೆ ತಪ್ಪಿದ್ದಾಗಿ ಹೇಳಿ ಅಚ್ಚು ತೆಗೆಯುವ ಸಾಮಾನು ತರಲು ಎದ್ದರು.

ಹೊಸ ಸೆಟ್ಟು ಎಲ್ಲೂ ಚುಚ್ಚುವುದಿಲ್ಲ. ಮನೆಗೆ ಬಂದವರಿಗೆಲ್ಲ ಮಗಳು ಈಗಲೂ ಆ ಹವಳ ತೋರಿಸುತ್ತಾಳೆ. ಆಗ ನಾನೂ ಅಳಿಯಂದಿರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.