ತಮ್ಮನ ಎದೆಯ ಹಾಲು

ತಮ್ಮ ಮತ್ತೆ ಗೋಡೆಯ ಜೊತೆ ಮಾತಿಗಿಳಿದಾಗ ಅಕ್ಕನ ಜೀವ ಬಾಯಿಗೆ ಬಂತು. ತಲೆಯೊಳಗೆ ಯಾರ್ಯಾರದೋ ದನಿ ಕೇಳುವ ಕಾಯಿಲೆ ಅವನದು. ಮಾತ್ರೆ ಶುರುವಾದ ಮೇಲೆ ಚೇತರಿಸಿಕೊಂಡು, ಮೇಸ್ತ್ರಿಯ ಕೈಕೆಳಗೆ ಮರಗೆಲಸ ಮಾಡುತ್ತ, ಅಕ್ಕನ ಅಡುಗೆಗೆ ಕೊಂಕು ತೆಗೆಯುತ್ತ ಹಾಯಾಗಿದ್ದ. ಈಗ ಉಳಿ ಹಿಡಿದು ಕೋಣೆಗೆ ಚಿಲಕ ಹಾಕಿಕೊಂಡಿದ್ದಾನೆ. ಬೆಳಿಗ್ಗೆ ಬಟ್ಟೆ ಒಗೆಯುವಾಗ ಅವನ ಅಂಗಿಜೇಬಿನಲ್ಲಿ ನುಂಗದೆ ಬಿಟ್ಟ ಮಾತ್ರೆಗಳು ಕರಗಿ ಅಂಟಾಗಿದ್ದವು.

"ಮಾತ್ರೆ ಯಾಕೋ ಬಿಟ್ಟೆ?" ಬಾಗಿಲಿಗೆ ಹಣೆಯೊತ್ತಿ ಕೇಳಿದಳು.

"ನನ್ನನ್ನ ಹೆಂಗಸು ಮಾಡೋಕೆ ಹೊರಟಿದಾರೆ. ನೀನೂ ಸೇರ್ಕೊಂಡಿದೀಯ. ದಿನಾ ಕೈಯಾರೆ ಕೊಟ್ಟೋಳು ನೀನೇ ತಾನೆ?"

ಅವಳು ಬಾಗಿಲು ತಟ್ಟಿದಳು. "ಏನೇನೋ ಬಡಬಡಿಸಬೇಡ. ಬಾಗಿಲು ತೆಗಿ ಕಂದಾ, ನಿನ್ನ ದಮ್ಮಯ್ಯ."

ಬಾಗಿಲು ಅಂಗೈಯಗಲ ತೆರೆಯಿತು. ಅವನು ಅಂಗಿ ಎತ್ತಿದ. ಎದೆ ಊದಿಕೊಂಡಿತ್ತು. ಹಿಸುಕಿ ತೋರಿಸಿದ, ತೊಟ್ಟಿನಲ್ಲಿ ಹಾಲು ಹನಿಯಿತು.

ಇದು ಬಡಬಡಿಕೆಯಾಗಿರಲಿಲ್ಲ. ಕೆಲಸದಲ್ಲಿ ಅಂಗಿ ಒದ್ದೆಯಾದದ್ದು ಕಂಡು ಜೊತೆಯವರು, "ಏನಪ್ಪಾ ಬಾಣಂತಿ, ಮಗು ಎಲ್ಲಿ?" ಎಂದು ನಕ್ಕಿದ್ದರಂತೆ. ಅಂದು ಅವನು ಉಣ್ಣದೆ ಮಲಗಿದ್ದಕ್ಕೆ ಅಕ್ಕ ಬೈದಿದ್ದಳು.

"ನೀನು ಹೇಳಿದ್ದು ನಿಜ ಕಣೋ. ಡಾಕ್ಟರ ಮುಂದೆ ನಾನೇ ಹೇಳ್ತೀನಿ, ನಡಿ," ಎಂದಳು. ಆ ಒಂದು ಮಾತಿಗೆ ಅವನು ಉಳಿ ಕೆಳಗಿಟ್ಟ.

ರಕ್ತ ಪರೀಕ್ಷೆಯಾಯಿತು. "ಪ್ರೊಲ್ಯಾಕ್ಟಿನ್ ಅಂತ ಒಂದು ಹಾರ್ಮೋನು," ಎಂದರು ಡಾಕ್ಟರು. "ಎದೇಲಿ ಹಾಲು ಬರಿಸೋದು ಅದೇ. ಗಂಡಸರಲ್ಲೂ ಸ್ವಲ್ಪ ಇರುತ್ತೆ, ಮೆದುಳು ಅದನ್ನ ಹದ್ದುಬಸ್ತಲ್ಲಿ ಇಟ್ಟಿರುತ್ತೆ. ಈ ಮಾತ್ರೆಯಿಂದ ಕೆಲವರಿಗೆ ಆ ಹಿಡಿತ ತಪ್ಪುತ್ತೆ. ಬೇರೆ ಮಾತ್ರೆ ಕೊಡೋಣ."

"ಮೊದಲೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸಾರ್?" ಅಕ್ಕ ಕೇಳಿದಳು. "ವಿಷ ಅಂತ ತಿಳ್ಕೊಂಡು ಬಿಟ್ಟುಬಿಟ್ಟ ಇವನು."

ಡಾಕ್ಟರು ಮುಖ ತಗ್ಗಿಸಿದರು. "ಹೇಳಬೇಕಿತ್ತಮ್ಮ. ತಪ್ಪಾಯ್ತು."

ಹೊಸ ಮಾತ್ರೆಗೆ ಹಾಲೇನೋ ಬತ್ತಿತು. ಆದರೆ ಮಾತ್ರೆ ಬಿಟ್ಟಿದ್ದಾಗ ಮರಳಿದ ದನಿಗಳು ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡಲಿಲ್ಲ. ಅಕ್ಕನನ್ನು ನಂಬಬೇಡ ಎನ್ನುತ್ತವಂತೆ ಅವು; ಅವಳು ಕೊಟ್ಟ ನೀರನ್ನೂ ತಮ್ಮ ಮುಟ್ಟುವುದಿಲ್ಲ. ಮೇಸ್ತ್ರಿ ಬಂದು ಕೊಟ್ಟರೆ ಮಾತ್ರ ಮಾತ್ರೆ ನುಂಗುತ್ತಾನೆ. ಬೆಳಗಾದರೆ ಅಕ್ಕ ಮೇಸ್ತ್ರಿಯ ಮನೆಬಾಗಿಲಿಗೆ ಓಡುತ್ತಾಳೆ. "ಇವತ್ತೊಂದಿನ ಬಂದುಬಿಡಿ ಅಣ್ಣಾ," ಎಂದು ದಿನವೂ ಅಂಗಲಾಚುತ್ತಾಳೆ.